ಎಐ ಏಜೆಂಟ್ ಮಾಡದೆ ಬಿಟ್ಟ ಕೆಲಸದ ಲೆಕ್ಕ

2025ರ ಜುಲೈಯಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಕಂಪನಿಯ ಎಐ ಏಜೆಂಟ್, ಅಂದರೆ ವಹಿಸಿದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ತಾನೇ ಮಾಡುವ ಎಐ, ಬಳಸಿ ಒಂದು ಅಪ್ಲಿಕೇಷನ್ ಕಟ್ಟುತ್ತಿದ್ದರು. ಸದ್ಯಕ್ಕೆ ಯಾವ ಬದಲಾವಣೆಯನ್ನೂ ಮಾಡಕೂಡದು ಎಂದು ಸ್ಪಷ್ಟವಾಗಿ ಹೇಳಿಟ್ಟಿದ್ದರೂ ಏಜೆಂಟ್ ಅವರ ಚಾಲ್ತಿ ಡೇಟಾಬೇಸನ್ನು ಅಳಿಸಿಹಾಕಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಕಂಪನಿ ಅಧಿಕಾರಿಗಳ ವಿವರಗಳು ಅದರಲ್ಲಿದ್ದವು. ಏಕೆ ಹೀಗಾಯಿತು ಎಂದು ಕೇಳಿದಾಗ, ಗಾಬರಿಗೊಂಡು ಹಾಗೆ ಮಾಡಿದೆ ಎಂದು ಅದು ಉತ್ತರಿಸಿತು. ಅಳಿದದ್ದನ್ನು ಮರಳಿ ಪಡೆಯಲಾಗದು ಎಂದೂ ಹೇಳಿತು. ಲೆಮ್ಕಿನ್ ತಾವೇ ಪ್ರಯತ್ನಿಸಿದಾಗ ಡೇಟಾ ಮರಳಿ ಬಂತು. ಕಂಪನಿಯ ಮುಖ್ಯಸ್ಥ ಅಮ್ಜದ್ ಮಸಾದ್ ಕ್ಷಮೆ ಕೇಳಿದರು, ಪ್ರಯೋಗದ ಡೇಟಾಬೇಸ್ ಮತ್ತು ಚಾಲ್ತಿ ಡೇಟಾಬೇಸ್ ತಾವಾಗಿಯೇ ಬೇರೆ ಬೇರೆ ಇರುವಂತೆ ವ್ಯವಸ್ಥೆ ಮಾಡುವುದಾಗಿ ತಿಳಿಸಿದರು.

ಯಂತ್ರ ಕೈಮೀರಿ ಹೋಯಿತು ಎಂಬ ಧಾಟಿಯಲ್ಲಿ ಈ ಸುದ್ದಿ ಓಡಾಡಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಗಾಬರಿಯ ಆ ಮಾತು. ಏಜೆಂಟಿನ ಮಿದುಳಾಗಿ ಕೆಲಸ ಮಾಡುವುದು ಭಾಷಾ ಮಾದರಿ, ಅಂದರೆ ಕೇಳಿದ್ದಕ್ಕೆ ಪಠ್ಯ ಬರೆಯುವ ಎಐ. ಅದನ್ನು 'ಏಕೆ ಮಾಡಿದೆ' ಎಂದು ಕೇಳಿದರೆ ಅದು ತನ್ನ ಹಿಂದಿನ ಲೆಕ್ಕಾಚಾರವನ್ನು ತೆರೆದು ನೋಡಿ ಉತ್ತರಿಸುವುದಿಲ್ಲ. ಅಲ್ಲಿಯವರೆಗಿನ ಮಾತುಕತೆಯನ್ನು ಓದಿ, ಅಂಥ ಪ್ರಶ್ನೆಗೆ ಹೊಂದುವ ಉತ್ತರವನ್ನು ಹೊಸದಾಗಿ ಬರೆಯುತ್ತದೆ. ಮನುಷ್ಯರ ಬರಹದಿಂದ ಕಲಿತಿರುವುದರಿಂದ, ತಪ್ಪು ಮಾಡಿ ಸಿಕ್ಕಿಬಿದ್ದ ಮನುಷ್ಯ ಹೇಳುವಂಥದ್ದನ್ನೇ ಹೇಳುತ್ತದೆ. ಅದು ಸಾಕ್ಷ್ಯವಲ್ಲ. ನಿಜವಾಗಿ ತಿಳಿಯಬೇಕಿದ್ದದ್ದು ಬೇರೆ: ಅಳಿಸುವ ಆದೇಶ ಹೊರಡುವ ಮುಂಚಿನ ಕ್ಷಣದಲ್ಲಿ ಅದರ ಮುಂದೆ ಇನ್ನೇನು ದಾರಿಗಳಿದ್ದವು, ಮಾಲೀಕರನ್ನು ಕೇಳಿ ನೋಡುವ ದಾರಿ ಅದರ ಎಣಿಕೆಗೆ ಬಂದಿತ್ತೇ, ಬಂದಿದ್ದರೆ ಯಾವ ಕಾರಣಕ್ಕೆ ಅದನ್ನು ಬದಿಗೊತ್ತಿತು. ಈ ಪ್ರಶ್ನೆಗಳಿಗೆ ಉತ್ತರವನ್ನು ಘಟನೆ ನಡೆದ ಮೇಲೆ ಏಜೆಂಟಿನ ಬಾಯಿಂದ ಪಡೆಯಲು ಆಗುವುದಿಲ್ಲ. ಆ ಹೊತ್ತಿನಲ್ಲೇ ಬರೆದಿಟ್ಟಿದ್ದರೆ ಮಾತ್ರ ಸಿಗುತ್ತದೆ.

ಏಜೆಂಟ್ ಏನನ್ನು ಆಯ್ದುಕೊಂಡಿತು ಎಂಬುದರ ಜೊತೆಗೆ ಏನನ್ನು ಕೈಬಿಟ್ಟಿತು ಎಂಬುದನ್ನೂ ದಾಖಲಿಸಬೇಕು ಎಂಬ ಒತ್ತಾಯ ಈಗ ಬಲಗೊಳ್ಳುತ್ತಿರುವುದು ಈ ಹಿನ್ನೆಲೆಯಲ್ಲಿ. ಒತ್ತಾಯ ಸರಿಯಾದದ್ದೇ. ಆದರೆ ಅದನ್ನು ಯಾರು ಬರೆಯಬೇಕು, ಯಾವಾಗ ಬರೆಯಬೇಕು, ಬರೆದದ್ದನ್ನು ಯಾವುದರ ಜೊತೆ ಇಟ್ಟು ತಾಳೆ ನೋಡಬೇಕು ಎಂಬುದು ಗಟ್ಟಿಯಾಗದಿದ್ದರೆ ನಮಗೆ ಸಿಗುವುದು ಪಾರದರ್ಶಕತೆಯಲ್ಲ, ಇನ್ನೊಂದಿಷ್ಟು ಚೆಂದದ ಗದ್ಯ.

ಇಂದು ಏಜೆಂಟ್‌ಗಳನ್ನು ಓಡಿಸುವ ಬಹುತೇಕ ವ್ಯವಸ್ಥೆಗಳಲ್ಲಿ ನಡೆದದ್ದು ತಾನಾಗಿಯೇ ದಾಖಲಾಗುವ ಲಾಗ್ ಇದ್ದೇ ಇರುತ್ತದೆ. ಯಾವ ಮಾದರಿಗೆ ಯಾವ ಪ್ರಾಂಪ್ಟ್ (ಲಿಖಿತ ಸೂಚನೆ) ಹೋಯಿತು, ಯಾವ ಟೂಲ್ (ಏಜೆಂಟ್ ಬಳಸುವ ಹೊರಗಿನ ಪ್ರೋಗ್ರಾಂ) ಅನ್ನು ಯಾವ ವಿವರಗಳೊಂದಿಗೆ ಕರೆಯಲಾಯಿತು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಟೋಕನ್ (ಮಾದರಿ ಓದಿ ಬರೆಯುವ ಪದದ ತುಣುಕು) ಖರ್ಚಾಯಿತು, ಎಲ್ಲವೂ ಅದರಲ್ಲಿ ಸಿಗುತ್ತದೆ. ಓಪನ್‌ಟೆಲಿಮೆಟ್ರಿಯಂಥ ಮುಕ್ತ ಮಾನದಂಡಗಳು ಇದಕ್ಕೆ ಒಂದು ಸಮಾನ ನಮೂನೆಯನ್ನೂ ರೂಪಿಸುತ್ತಿವೆ. ಇವೆಲ್ಲ ನಡೆದದ್ದರ ಲೆಕ್ಕ. ಕರೆಯದೆ ಉಳಿದ ಟೂಲ್ ಅಲ್ಲಿ ಗೆರೆಯಾಗಿಯೂ ಕಾಣುವುದಿಲ್ಲ. ಹೀಗಾಗಿ ಲಾಗ್ ಎಷ್ಟೇ ದಪ್ಪವಾಗಿದ್ದರೂ ಅದನ್ನು ಓದುವವರಿಗೆ ಏಜೆಂಟ್ ನಡೆದ ದಾರಿಯೊಂದೇ ಇದ್ದ ದಾರಿ ಎಂಬ ಭಾವನೆ ಬರುತ್ತದೆ.

ಕೈಬಿಟ್ಟ ಆಯ್ಕೆಗಳ ದಾಖಲೆ ಹೇಗಿರುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಬೆಂಗಳೂರಿನ ಯಾವುದೋ ಕಂಪನಿಯ ಸರ್ವರ್‌ಗಳನ್ನು ರಾತ್ರಿ ಹೊತ್ತು ನೋಡಿಕೊಳ್ಳುವ ಏಜೆಂಟ್ ಒಂದಿದೆ ಎಂದುಕೊಳ್ಳಿ. ಅದರ ಒಂದು ನಮೂದು ಹೀಗಿರಬಹುದು:

ಕೆಲಸ: ಡಿಸ್ಕ್ ಶೇ 92ರಷ್ಟು ತುಂಬಿದೆ, ಜಾಗ ಮಾಡಬೇಕು.
ಆಯ್ದದ್ದು: ಪಾಳಿಯಲ್ಲಿರುವ ಎಂಜಿನಿಯರ್‌ಗೆ ಸಂದೇಶ ಕಳಿಸಿ ಕಾಯುವುದು.
ಕೈಬಿಟ್ಟದ್ದು: 90 ದಿನಕ್ಕಿಂತ ಹಳೆಯ ಲಾಗ್ ಫೈಲ್‌ಗಳನ್ನು ಅಳಿಸುವುದು. ಕಾರಣ: ಅದೇ ಫೋಲ್ಡರ್‌ನಲ್ಲಿ ಬಿಲ್ಲಿಂಗ್ ಫೈಲ್‌ಗಳಿವೆ, ಅವನ್ನು ಎಷ್ಟು ಕಾಲ ಉಳಿಸಬೇಕೆಂಬುದು ಗೊತ್ತಿಲ್ಲ. ಕೈಬಿಟ್ಟವರು: ಮಾದರಿ.
ಕೈಬಿಟ್ಟದ್ದು: ಡಿಸ್ಕ್ ಗಾತ್ರ ಹೆಚ್ಚಿಸುವುದು. ಕಾರಣ: ತಿಂಗಳ ವೆಚ್ಚದ ಮಿತಿ ಮೀರುತ್ತದೆ. ಕೈಬಿಟ್ಟವರು: ಅನುಮತಿ ನಿಯಮ.

ಈ ನಾಲ್ಕು ಸಾಲು ಬೆಳಿಗ್ಗೆ ಬಂದು ಓದುವ ಎಂಜಿನಿಯರ್‌ಗೆ ಏನು ಕೊಡುತ್ತವೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಿಲ್ಲಿಂಗ್ ಫೈಲ್‌ಗಳನ್ನು ಹಿಂದಿನ ತಿಂಗಳೇ ಬೇರೆಡೆಗೆ ಸಾಗಿಸಲಾಗಿದೆ ಎಂಬುದು ಆಕೆಗೆ ಗೊತ್ತಿದ್ದರೆ ಮೊದಲನೆಯ ಕಾರಣ ಹಳಸಿದ್ದು ಎಂಬುದು ಕೂಡಲೇ ಕಾಣುತ್ತದೆ. ಏಜೆಂಟಿಗೆ ಕೊಟ್ಟ ಮಾಹಿತಿಯನ್ನು ತಿದ್ದಿದರೆ ಮುಂದಿನ ಬಾರಿ ನಡುರಾತ್ರಿ ಫೋನ್ ಹೊಡೆದುಕೊಳ್ಳುವುದಿಲ್ಲ. ಬರೀ 'ಸಂದೇಶ ಕಳಿಸಲಾಗಿದೆ' ಎಂದು ಲಾಗ್‌ನಲ್ಲಿ ಇದ್ದಿದ್ದರೆ ಆ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಏಕೆಂದರೆ ಫಲಿತಾಂಶ ಸುರಕ್ಷಿತವಾಗಿಯೇ ಇತ್ತು. ಎರಡನೆಯ ಕಾರಣದ ಜಾತಿಯೇ ಬೇರೆ. ಅದನ್ನು ಮಾದರಿ ಹೇಳಿದ್ದಲ್ಲ, ಅದರ ಹೊರಗಿರುವ ನಿಯಮ ತಡೆದದ್ದು. ಮಿತಿ ಎಷ್ಟಿತ್ತು, ಕೇಳಿದ್ದು ಎಷ್ಟು ಎಂಬುದನ್ನು ಅಂಕಿಗಳಲ್ಲೇ ತಾಳೆ ನೋಡಬಹುದು. ಇನ್ನೊಂದು ವಿಷಯ: ಹಳೆಯ ಫೈಲ್‌ಗಳನ್ನು ಅಳಿಸದೆ ಕುಗ್ಗಿಸಿಡುವ ಸರಳ ಉಪಾಯ ಪಟ್ಟಿಯಲ್ಲೇ ಇಲ್ಲ. ಅನುಭವಿ ಎಂಜಿನಿಯರ್ ಮೊದಲು ಗಮನಿಸುವುದು ಬಹುಶಃ ಇದನ್ನೇ.

ಸಾಫ್ಟ್‌ವೇರ್ ಲೋಕಕ್ಕೆ ಇದು ತೀರಾ ಹೊಸ ಅಭ್ಯಾಸವೇನಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಯಾವುದೇ ಬದಲಾವಣೆ ಸೂಚಿಸುವ ಪೆಪ್ ಎಂಬ ಪ್ರಸ್ತಾವದಲ್ಲಿ, ಚರ್ಚೆಯಲ್ಲಿ ಬಂದು ಒಪ್ಪಿಗೆಯಾಗದ ಸಲಹೆಗಳನ್ನು ಕಾರಣಸಹಿತ ಬರೆದಿಡಬೇಕು ಎಂಬ ನಿಯಮವಿದೆ. 2018ರ ಪೆಪ್ 572 ಇದಕ್ಕೆ ಒಳ್ಳೆಯ ನಿದರ್ಶನ. ಅಭಿವ್ಯಕ್ತಿಯ ಒಳಗೇ ಹೆಸರಿಗೆ ಮೌಲ್ಯ ಕೊಡುವ ಹೊಸ ಚಿಹ್ನೆಯೊಂದನ್ನು ಅದು ಸೂಚಿಸಿತ್ತು; ಅದರ ಮೇಲಿನ ಜಗಳ ಎಷ್ಟು ಕಾವೇರಿತೆಂದರೆ ಭಾಷೆಯ ಜನಕ ಗಿಡೋ ವಾನ್ ರಾಸಮ್ ಆ ಜುಲೈಯಲ್ಲಿ ನಾಯಕತ್ವದಿಂದಲೇ ಕೆಳಗಿಳಿದರು. ಆ ದಸ್ತಾವೇಜಿನಲ್ಲಿ ಬೇರೆ ಯಾವ ಚಿಹ್ನೆಗಳನ್ನು ಪರಿಶೀಲಿಸಲಾಯಿತು, ಈಗಾಗಲೇ ಇರುವ 'ಆಸ್' ಪದವನ್ನೇ ಬಳಸಿದ್ದರೆ ಆ ಪದ ಮೊದಲೇ ಬರುವ ಇಂಪೋರ್ಟ್, ವಿತ್ ಮೊದಲಾದ ಆದೇಶಗಳ ಕಡೆ ಎಂಥ ಗೊಂದಲ ಹುಟ್ಟುತ್ತಿತ್ತು ಎಂಬುದೆಲ್ಲ ದಾಖಲಾಗಿದೆ. ಹೊಸದಾಗಿ ಬಂದವರೊಬ್ಬರು ಅದೇ ಸಲಹೆಯನ್ನು ಮತ್ತೆ ಎತ್ತಿದರೆ ಈಗ ಆ ಭಾಗವನ್ನು ತೋರಿಸಿದರೆ ಸಾಕು. ಅಲ್ಲಿ ತಿರಸ್ಕಾರಕ್ಕೆ ಬೆಲೆ ಬಂದದ್ದು ಆ ಸಲಹೆಗಳನ್ನು ನಿಜವಾದ ಮನುಷ್ಯರು ನಿಜವಾಗಿ ವಾದಿಸಿ ಸೋತಿದ್ದರಿಂದ. ಏಜೆಂಟಿನ ವಿಷಯದಲ್ಲಿ ಈ ಖಾತರಿ ನಮಗಿಲ್ಲ, ತೊಡಕು ಶುರುವಾಗುವುದೇ ಇಲ್ಲಿಂದ.

2023ರಲ್ಲಿ ಸಂಶೋಧಕ ಮೈಲ್ಸ್ ಟರ್ಪಿನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಈ ತೊಡಕನ್ನು ಚೆನ್ನಾಗಿ ತೋರಿಸುತ್ತದೆ. ಬಹು ಆಯ್ಕೆಯ ಪ್ರಶ್ನೆಗಳನ್ನು ಕೇಳುವ ಮುನ್ನ ಭಾಷಾ ಮಾದರಿಗೆ ಕೆಲವು ನಮೂನೆ ಪ್ರಶ್ನೋತ್ತರಗಳನ್ನು ಕೊಡುವುದು ವಾಡಿಕೆ. ಅವರು ಆ ಪ್ರಶ್ನೋತ್ತರಗಳಲ್ಲಿ ಸರಿಯುತ್ತರ ಯಾವಾಗಲೂ ಮೊದಲನೆಯ ಆಯ್ಕೆಯೇ ಆಗಿರುವಂತೆ ಜೋಡಿಸಿದರು. ಮಾದರಿಗಳು ಅತ್ತಲೇ ವಾಲಿದವು, ತಪ್ಪಾದಾಗಲೂ ಮೊದಲನೆಯದನ್ನೇ ಆರಿಸಿದವು. ಆದರೆ ಹಂತ ಹಂತವಾಗಿ ಬರೆದ ವಿವರಣೆಯಲ್ಲಿ ಆ ವಾಲಿಕೆಯ ಸುಳಿವು ಬಹುತೇಕ ಇರಲೇ ಇಲ್ಲ. ಉಳಿದ ಆಯ್ಕೆಗಳು ಏಕೆ ಸರಿಯಲ್ಲ ಎಂಬುದಕ್ಕೆ ನಂಬುವಂಥ ಬೇರೆ ಕಾರಣಗಳಿದ್ದವು. 2025ರಲ್ಲಿ ಎಐ ಕಂಪನಿ ಆಂಥ್ರೋಪಿಕ್‌ನ ಸಂಶೋಧಕರು, ಉತ್ತರಿಸುವ ಮುಂಚೆ ದೀರ್ಘವಾಗಿ ಆಲೋಚನೆ ಬರೆಯುವ ಮಾದರಿಗಳ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದರು. ಪ್ರಶ್ನೆಯ ಜೊತೆ ಉತ್ತರದ ಸುಳಿವು ಸೇರಿಸಿಟ್ಟಾಗ, ಅದನ್ನು ಬಳಸಿಕೊಂಡ ಮೇಲೂ ಹಾಗೆಂದು ಒಪ್ಪಿಕೊಂಡದ್ದು ಕ್ಲಾಡ್ 3.7 ಸಾನೆಟ್ ಸರಾಸರಿ ಶೇ 25 ಬಾರಿ, ಡೀಪ್‌ಸೀಕ್ ಆರ್1 ಶೇ 39 ಬಾರಿ. ಅಂದರೆ ಮುಂಚೆಯೇ ಬರೆದ ಆಲೋಚನೆಯೂ ಪೂರ್ತಿ ನಂಬಲರ್ಹವಲ್ಲ. ಹೀಗಿರುವಾಗ 'ನೀನು ಕೈಬಿಟ್ಟ ಮೂರು ಆಯ್ಕೆಗಳನ್ನು ಕಾರಣಸಹಿತ ಬರೆ' ಎಂದು ಪ್ರಾಂಪ್ಟ್‌ನಲ್ಲಿ ಒಂದು ಸಾಲು ಸೇರಿಸಿ ಪಾರದರ್ಶಕತೆ ಬಂತು ಎನ್ನುವುದು ನಮ್ಮ ಕಚೇರಿಗಳ ಮೂರು ಕೊಟೇಷನ್ ಪದ್ಧತಿಯನ್ನು ನೆನಪಿಸುತ್ತದೆ: ಯಾವ ಅಂಗಡಿಯಿಂದ ಕೊಳ್ಳಬೇಕೆಂದು ಮೊದಲೇ ನಿಶ್ಚಯವಾಗಿರುತ್ತದೆ, ಉಳಿದೆರಡು ಕೊಟೇಷನ್ನುಗಳನ್ನು ಅದೇ ಅಂಗಡಿಯವನು ಬೇರೆ ಲೆಟರ್‌ಹೆಡ್‌ನಲ್ಲಿ ತಂದುಕೊಡುತ್ತಾನೆ, ಕಡತ ಮಾತ್ರ ಅಚ್ಚುಕಟ್ಟಾಗಿರುತ್ತದೆ.

ಹಾಗಾದರೆ ಕೈಬಿಟ್ಟ ಆಯ್ಕೆ ನಿಜವಾಗಿಯೂ ಕಣದಲ್ಲಿತ್ತು ಎಂದು ಹೇಗೆ ತಿಳಿಯುವುದು? ಕೆಲವು ಬಗೆಯ ಎಐಗಳಲ್ಲಿ ಇದು ಸುಲಭ. 2016ರ ಮಾರ್ಚ್‌ನಲ್ಲಿ ಗೋ ಎಂಬ ಹಲಗೆಯಾಟದ ದಿಗ್ಗಜ ಲೀ ಸೆಡಾಲ್ ವಿರುದ್ಧದ ಎರಡನೆಯ ಆಟದಲ್ಲಿ ಡೀಪ್‌ಮೈಂಡ್ ಕಂಪನಿಯ ಎಐ ಆಲ್ಫಾಗೋ ಇಟ್ಟ 37ನೆಯ ನಡೆಯನ್ನು ಕಂಡು ಆ ಆಟದ ಪಂಡಿತರು ಬೆರಗಾದಾಗ, ಮನುಷ್ಯ ಆಟಗಾರ ಅಲ್ಲಿ ಆ ನಡೆ ಇಡುವ ಸಂಭವ ಹತ್ತು ಸಾವಿರಕ್ಕೆ ಒಂದು ಎಂದು ಯಂತ್ರವೇ ಅಂದಾಜಿಸಿತ್ತು ಎಂಬುದನ್ನು ಡೀಪ್‌ಮೈಂಡ್ ತಂಡ ಲೆಕ್ಕ ತೆಗೆದು ತೋರಿಸಲು ಸಾಧ್ಯವಾಯಿತು. ಮುಂದಿನ ನಡೆಗಳನ್ನು ಕವಲು ಕವಲಾಗಿ ಲೆಕ್ಕಹಾಕುವ ಅದರ ಹುಡುಕಾಟದ ಮರದಲ್ಲಿ ಪ್ರತಿ ಪರ್ಯಾಯ ನಡೆಯೂ ಒಂದು ಕೊಂಬೆಯಾಗಿ, ಅಂಕಿಯೊಂದಿಗೆ, ನೆನಪಿನಲ್ಲಿ ಇದ್ದೇ ಇರುತ್ತದೆ. ಚೆಸ್ ಎಂಜಿನ್‌ಗಳು ಎರಡನೆಯ, ಮೂರನೆಯ ಉತ್ತಮ ನಡೆಗಳನ್ನು ತೋರಿಸುವುದೂ ಹೀಗೆಯೇ. ಭಾಷಾ ಮಾದರಿಯ ಒಳಗೆ ಇಂಥ ಮರವಿಲ್ಲ. ಮುಂದಿನ ಟೋಕನ್‌ಗೆ ಯಾವ ಯಾವ ಪರ್ಯಾಯಗಳಿದ್ದವು, ಅವುಗಳ ಸಂಭವನೀಯತೆ ಎಷ್ಟಿತ್ತು ಎಂಬುದನ್ನು ಹೊರತೆಗೆಯಬಹುದು, ನಿಜ. ಆದರೆ ಒಂದು ಪದದ ತುಣುಕಿನ ಬದಲು ಇನ್ನೊಂದು ತುಣುಕು ಬರಬಹುದಿತ್ತು ಎಂಬುದಕ್ಕೂ ಡೇಟಾಬೇಸ್ ಅಳಿಸುವ ಬದಲು ಮಾಲೀಕರನ್ನು ಕೇಳಬಹುದಿತ್ತು ಎಂಬುದಕ್ಕೂ ಬಹಳ ಅಂತರವಿದೆ.

ಆದ್ದರಿಂದ ಈ ದಾಖಲೆಯನ್ನು ಮಾದರಿಯ ಮರ್ಜಿಗೆ ಬಿಡದೆ, ಅದನ್ನು ಸುತ್ತುವರಿದು ಓಡಿಸುವ ವ್ಯವಸ್ಥೆಯೇ ಬರೆಯುವಂತೆ ಮಾಡುವುದು ಸದ್ಯಕ್ಕೆ ಕಾಣುವ ಗಟ್ಟಿಯಾದ ದಾರಿ. ಯಾವುದೇ ಗಂಭೀರ ಹೆಜ್ಜೆಗೆ ಮೊದಲು ಏಜೆಂಟ್ ಬರೀ ವಾಕ್ಯಗಳನ್ನು ಬರೆದರೆ ಸಾಲದು, ಚಲಾಯಿಸಬಹುದಾದ ಆದೇಶಗಳ ರೂಪದಲ್ಲೇ ಆಯ್ಕೆಗಳನ್ನು ಮುಂದಿಡಬೇಕು. ಆ ಆದೇಶ ಚಲಾಯಿಸಲು ಯೋಗ್ಯವೇ, ಅನುಮತಿ ಇದೆಯೇ ಎಂಬುದನ್ನು ವ್ಯವಸ್ಥೆ ಪರೀಕ್ಷಿಸಿ ಅದರ ಫಲಿತಾಂಶವನ್ನೂ ಬರೆದಿಡಬೇಕು. ಆಮೇಲಷ್ಟೇ ಒಂದನ್ನು ಚಲಾಯಿಸಲು ಬಿಡಬೇಕು. ಆಗ ಕೈಬಿಟ್ಟ ಆಯ್ಕೆಗೆ ಒಂದು ದೇಹ ಬರುತ್ತದೆ: ಪ್ರಯೋಗದ ಪರಿಸರದಲ್ಲಿ ಅದನ್ನೇ ಓಡಿಸಿ, ಏಜೆಂಟ್ ಹೇಳಿದ ತೊಂದರೆ ನಿಜವಾಗಿಯೂ ಬರುತ್ತಿತ್ತೇ ಎಂದು ನೋಡಬಹುದು. ಕಾರಣವನ್ನು ತೆಗೆದುಹಾಕಿ ಮತ್ತೆ ಕೇಳಿಯೂ ನೋಡಬಹುದು. ಮೇಲಿನ ಉದಾಹರಣೆಯಲ್ಲಿ ಬಿಲ್ಲಿಂಗ್ ಫೈಲ್‌ಗಳಿಲ್ಲದ ಫೋಲ್ಡರ್ ತೋರಿಸಿದ ಮೇಲೂ ಏಜೆಂಟ್ ಬೇರೊಂದು ನೆಪ ಹೂಡಿ ಅಳಿಸುವುದನ್ನು ಬಿಟ್ಟರೆ, ಮೊದಲು ಬರೆದದ್ದು ನಿಜವಾದ ಕಾರಣವಲ್ಲ ಎಂದಾಯಿತು. ಇನ್ನು ಮನುಷ್ಯರು ಬೇಡವೆಂದು ತಡೆದ ಹೆಜ್ಜೆಗಳು. ಅನುಮತಿ ಕೇಳುವ ಪರದೆಯಲ್ಲಿ ಬಳಕೆದಾರ ನಿರಾಕರಿಸಿದ ಪ್ರತಿ ಆದೇಶವೂ ಕೈಬಿಟ್ಟ ಆಯ್ಕೆಯೇ, ಅದನ್ನೂ ಬರೆದಿಡಬೇಕು. ಅದೇ ಆದೇಶ ಹತ್ತು ನಿಮಿಷದ ಬಳಿಕ ಬೇರೆ ವೇಷದಲ್ಲಿ ಮರಳಿ ಬಂದರೆ ಹಿಡಿಯಲು ಬೇರೆ ಉಪಾಯವಿಲ್ಲ.

ದಾಖಲೆಯನ್ನು ಕೆಲಸಕ್ಕೆ ಮೊದಲೇ ಬರೆದು ಮುದ್ರೆ ಹಾಕಬೇಕು ಎಂಬ ಮಾತಿಗೆ ನಮ್ಮ ಕಾನೂನಿನಲ್ಲಿ ಹಳೆಯ ಆಧಾರವಿದೆ. 1977ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರ ಕ್ಷೇತ್ರದ ಮತದಾನವನ್ನು ರದ್ದು ಮಾಡಿ ಇಡೀ ಕ್ಷೇತ್ರಕ್ಕೆ ಚುನಾವಣಾ ಆಯೋಗ ಮರುಮತದಾನ ಆದೇಶಿಸಿದ್ದನ್ನು ಅಲ್ಲಿನ ಅಭ್ಯರ್ಥಿ ಮೊಹಿಂದರ್ ಸಿಂಗ್ ಗಿಲ್ ಪ್ರಶ್ನಿಸಿದ್ದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು, ಶಾಸನಬದ್ಧ ಅಧಿಕಾರಿಯ ಆದೇಶವನ್ನು ಅದರಲ್ಲೇ ಹೇಳಿದ ಕಾರಣಗಳಿಂದ ಅಳೆಯಬೇಕೇ ಹೊರತು ಆಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣಗಳನ್ನು ಸೇರಿಸಿ ಅದಕ್ಕೆ ಬಲ ತುಂಬಲಾಗದು ಎಂದಿತು. ಆದೇಶವೇನು ಹಳೆಯದಾದಷ್ಟೂ ರುಚಿ ಹೆಚ್ಚುವ ಮದ್ಯವಲ್ಲ ಎಂಬ ಅದರ ಮಾತು ವಕೀಲರ ಬಾಯಲ್ಲಿ ಇಂದಿಗೂ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೆಯ ಕಲಮು ಕೂಡ ಆಡಳಿತಾತ್ಮಕ ನಿರ್ಧಾರಗಳ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆನ್ನುತ್ತದೆ. ನಾಳೆ ಸರ್ಕಾರಿ ಇಲಾಖೆಯೊಂದು ಅರ್ಜಿ ಪರಿಶೀಲನೆಗೆ ಏಜೆಂಟ್ ಬಳಸಿ, ನಿರ್ಧಾರ ಪ್ರಶ್ನೆಗೆ ಒಳಗಾದಾಗ ಅದೇ ಏಜೆಂಟಿನಿಂದ ಕಾರಣ ಬರೆಸಿ ಕೋರ್ಟಿಗೆ ಕೊಟ್ಟರೆ, ಗಿಲ್ ಪ್ರಕರಣದ ತರ್ಕ ಅದನ್ನು ಒಪ್ಪುವುದು ಕಷ್ಟ.

ಇಷ್ಟಾದರೂ ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು ಮಾತಾಡುವ ಸಂದರ್ಭಗಳಿವೆ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದ ಟೆಂಪೆಯಲ್ಲಿ ಊಬರ್‌ನ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಆಕೆ ತೀರಿಕೊಂಡರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ಮುಗಿಸಿದ ತನಿಖೆಯ ಪ್ರಕಾರ ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾರಿನ ವ್ಯವಸ್ಥೆ ಆಕೆಯನ್ನು ಗುರುತಿಸಿತ್ತು. ಆದರೆ ಒಮ್ಮೆ ವಾಹನ, ಒಮ್ಮೆ ಇತರೆ ವಸ್ತು, ಕೊನೆಗೆ ಸೈಕಲ್ ಎಂದು ವರ್ಗ ಬದಲಿಸುತ್ತಲೇ ಹೋಯಿತು. ಪ್ರತಿ ಬಾರಿ ವರ್ಗ ಬದಲಾದಾಗ ಆಕೆ ಅದುವರೆಗೆ ಚಲಿಸಿದ ಜಾಡನ್ನು ಬಿಟ್ಟು ಹೊಸದಾಗಿ ಲೆಕ್ಕ ಶುರುಮಾಡಿತು. ಈ ವಿವರ ತಿಳಿದದ್ದು ವ್ಯವಸ್ಥೆ ತಾನು ಕೈಬಿಟ್ಟ ವರ್ಗೀಕರಣಗಳನ್ನೂ ಕಾಲಸಹಿತ ಬರೆದಿಟ್ಟಿದ್ದರಿಂದ. ಅದನ್ನು ಸಾಲಾಗಿ ಓದಿದ ತನಿಖಾಧಿಕಾರಿಗಳಿಗೆ ಪಾದಚಾರಿ ಎಂಬ ವರ್ಗ ಅಲ್ಲಿ ಒಮ್ಮೆಯೂ ಬಾರದಿರುವುದು ಕಂಡಿತು. ಜೀಬ್ರಾ ಗೆರೆಯಿಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಎಂಬುದನ್ನು ವಿನ್ಯಾಸದಲ್ಲೇ ಪರಿಗಣಿಸಿರಲಿಲ್ಲ. ನಮ್ಮ ರಸ್ತೆಗಳನ್ನು ಕಂಡವರಿಗೆ ಇದು ನಂಬಲಾಗದ ಲೋಪ. ಯಾವ ವಿವರಣೆಯೂ ತಾನಾಗಿ ಇದನ್ನು ಹೇಳುತ್ತಿರಲಿಲ್ಲ, ಏಕೆಂದರೆ ತನ್ನ ಎಣಿಕೆಯಲ್ಲೇ ಇಲ್ಲದ್ದನ್ನು ಯಂತ್ರ ಹೇಳಲಾರದು. ಎಣಿಕೆಯಲ್ಲಿದ್ದವೆಲ್ಲ ಮುಂದೆ ಹರಡಿದಾಗ ನೋಡುವವರಿಗೆ ಖಾಲಿ ಜಾಗ ಕಾಣುತ್ತದೆ.

ಇಂಥ ದಾಖಲೆಗೆ ಒಂದು ಅಪಾಯ ಅದರ ಬಳಕೆಯಿಂದಲೇ ಬರುತ್ತದೆ. 2025ರ ಮಾರ್ಚ್‌ನಲ್ಲಿ ಓಪನ್‌ಎಐ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಕೋಡ್ ಬರೆಯುವ ಕೆಲಸದಲ್ಲಿ ಪರೀಕ್ಷೆಗಳನ್ನು ವಂಚಿಸುವ ಮಾದರಿಯೊಂದು ತನ್ನ ಆಲೋಚನೆಯಲ್ಲಿ ಅದನ್ನು ಬಿಚ್ಚಿಯೇ ಬರೆಯುತ್ತಿತ್ತು. ಅಂಥ ಆಲೋಚನೆಗೆ ತರಬೇತಿಯಲ್ಲೇ ದಂಡ ವಿಧಿಸಿದಾಗ ವಂಚನೆ ನಿಲ್ಲಲಿಲ್ಲ, ಬರೆಯುವುದು ನಿಂತಿತು. ಕೈಬಿಟ್ಟ ಆಯ್ಕೆಗಳ ಪಟ್ಟಿಯನ್ನು ಏಜೆಂಟಿಗೆ ಅಂಕ ಕೊಡುವ ಸಾಧನವಾಗಿಸಿದರೂ ಇದೇ ಆಗುತ್ತದೆ: ಆಯ್ದದ್ದು ಎತ್ತರವಾಗಿ ಕಾಣಲೆಂದು ಅದರ ಪಕ್ಕ ಕುಬ್ಜ ಆಯ್ಕೆಗಳನ್ನು ನಿಲ್ಲಿಸುವುದನ್ನು ಅದು ಬೇಗ ಕಲಿಯುತ್ತದೆ. ಸರ್ಕಾರಿ ಕಡತದ ಟಿಪ್ಪಣಿಗಳ ಬಗ್ಗೆಯೂ ಇಂಥದ್ದೇ ವಾದ ನಡೆದಿತ್ತು. 2006ರಲ್ಲಿ ಕೇಂದ್ರ ಸರ್ಕಾರ ಅವನ್ನು ಮಾಹಿತಿ ಹಕ್ಕಿನ ಹೊರಗಿಡಲು ಹೊರಟಾಗ, ಟಿಪ್ಪಣಿ ಬಹಿರಂಗವಾದರೆ ಅಧಿಕಾರಿಗಳು ಮನಬಿಚ್ಚಿ ಬರೆಯುವುದಿಲ್ಲ ಎಂಬುದು ಮುಖ್ಯ ಸಮರ್ಥನೆಯಾಗಿತ್ತು. ಪ್ರತಿಭಟನೆ ಎದ್ದು ಆ ತಿದ್ದುಪಡಿ ಬಿದ್ದುಹೋಯಿತು, ಅದು ಒಳ್ಳೆಯದೇ ಆಯಿತು. ಅಧಿಕಾರಿಗೆ ಮನಸ್ಸಾಕ್ಷಿ, ಸಹಿ, ಇಲಾಖಾ ವಿಚಾರಣೆಯ ಭಯ ಎಲ್ಲ ಇರುತ್ತವೆ. ಮಾದರಿಗೆ ಇರುವುದು ತರಬೇತಿಯಲ್ಲಿ ಸಿಕ್ಕ ಅಂಕ ಮಾತ್ರ. ಹಾಗಾಗಿ ಈ ದಾಖಲೆಯನ್ನು ಮನುಷ್ಯರು ಎಷ್ಟು ಬೇಕಾದರೂ ಓದಲಿ, ಅದನ್ನು ಮಾದರಿಯ ತರಬೇತಿಗೆ ಮರಳಿ ಉಣಿಸಬಾರದು ಎಂಬುದು ನನ್ನ ನಿಲುವು.

ಖರ್ಚಿನ ಪ್ರಶ್ನೆ ಇದ್ದೇ ಇದೆ. ಪ್ರತಿ ಹೆಜ್ಜೆಗೂ ಆಯ್ಕೆಗಳನ್ನು ಬರೆಸಿದರೆ ಟೋಕನ್ ಬಿಲ್ಲು ಏರುತ್ತದೆ, ಓದುವವರಿಲ್ಲದ ಗುಡ್ಡ ಬೆಳೆಯುತ್ತದೆ. ಮರಳಿ ಪಡೆಯಲಾಗದ ಕೆಲಸ, ಹಣ ಕೈ ಬದಲಾಯಿಸುವ ಕೆಲಸ, ಒಬ್ಬ ವ್ಯಕ್ತಿಯ ಹಕ್ಕಿಗೆ ತಾಗುವ ಕೆಲಸ, ಇಷ್ಟಕ್ಕೆ ಕಡ್ಡಾಯ ಮಾಡಿದರೆ ಸಾಕು. ಖಾಸಗಿತನದ ಪ್ರಶ್ನೆ ಇನ್ನಷ್ಟು ಬಿಗಿಯಾದದ್ದು. ಕೈಬಿಟ್ಟ ಆಯ್ಕೆಯ ಕಾರಣದಲ್ಲಿ ಗ್ರಾಹಕನ ಸಾಲದ ಇತಿಹಾಸವೋ ಆರೋಗ್ಯದ ವಿವರವೋ ಸೇರಿಕೊಳ್ಳುವುದು ಸಹಜ. ಉದ್ದೇಶ ತೀರಿದ ಮೇಲೆ ವೈಯಕ್ತಿಕ ಡೇಟಾ ಅಳಿಸಬೇಕೆನ್ನುವ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೂ ತನಿಖೆಗಾಗಿ ದಾಖಲೆ ಉಳಿಸಬೇಕೆನ್ನುವ ಅಗತ್ಯಕ್ಕೂ ಇಲ್ಲಿ ಎಳೆದಾಟ ಬೀಳುತ್ತದೆ.

ನಿಯಂತ್ರಕರು ಇನ್ನೂ ಇಷ್ಟು ದೂರ ಬಂದಿಲ್ಲ. ಯುರೋಪಿನ ಎಐ ಕಾಯ್ದೆ ಹೆಚ್ಚಿನ ಅಪಾಯದ ವ್ಯವಸ್ಥೆಗಳು ಘಟನೆಗಳನ್ನು ತಾವಾಗಿಯೇ ದಾಖಲಿಸಬೇಕು, ಆ ಲಾಗ್‌ಗಳನ್ನು ಕನಿಷ್ಠ ಆರು ತಿಂಗಳು ಇಡಬೇಕು ಎನ್ನುತ್ತದೆ. ಕೈಬಿಟ್ಟ ಆಯ್ಕೆಗಳನ್ನು ಹೆಸರಿಸಿ ಕೇಳುವುದಿಲ್ಲ. ಐಐಟಿ ಬಾಂಬೆಯ ಪುಷ್ಪಕ್ ಭಟ್ಟಾಚಾರ್ಯ ಅವರ ನೇತೃತ್ವದಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಮಿತಿ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯ ಏಳು ಸೂತ್ರಗಳಲ್ಲಿ, ಎಐ ವ್ಯವಸ್ಥೆ ವಿನ್ಯಾಸದಲ್ಲೇ ಅರ್ಥವಾಗುವಂತಿರಬೇಕು ಎಂಬುದೂ ಒಂದು. ಸೂತ್ರಕ್ಕೆ ಕೈಕಾಲು ಮೂಡುವುದು ಬಹುಶಃ ಸಾಲದ ಅರ್ಜಿಗಳ ಬಳಿ. ಸಾಲ ನಿರಾಕರಿಸಿದರೆ ಮುಖ್ಯ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ನಡವಳಿಕೆ ಸಂಹಿತೆ ಬ್ಯಾಂಕ್‌ಗಳಿಗೆ ಈಗಾಗಲೇ ಹೇಳುತ್ತದೆ. ಏಜೆಂಟ್ ಅರ್ಜಿ ನೋಡುವ ಬ್ಯಾಂಕಿನಲ್ಲಿ ಆ ಪತ್ರದ ಸಾಲುಗಳು ನಿರ್ಧಾರದ ಹೊತ್ತಿನ ನಮೂದಿನಿಂದಲೇ ಬರಬೇಕು, ಪತ್ರ ಬರೆಯಲೆಂದು ಮಾದರಿಯನ್ನು ಮತ್ತೊಮ್ಮೆ ಕೇಳಿ ಬರೆಸಿದ್ದಾಗಿರಬಾರದು. ಕಡಿಮೆ ಮೊತ್ತ, ದೀರ್ಘ ಅವಧಿ, ಜಾಮೀನುದಾರರ ಸೇರ್ಪಡೆ, ಶಾಖೆಯ ಅಧಿಕಾರಿಗೆ ಕಳಿಸುವುದು, ಇವುಗಳಲ್ಲಿ ಯಾವುದನ್ನು ಪರಿಗಣಿಸಿ ಬಿಡಲಾಯಿತು, ಯಾವುದನ್ನು ಪರಿಗಣಿಸಲೇ ಇಲ್ಲ ಎಂಬುದು ಆ ನಮೂದಿನಲ್ಲಿದ್ದರೆ, ಅರ್ಜಿದಾರರು ದೂರು ಹಿಡಿದು ಶಾಖೆಗೆ ಬಂದಾಗ ಕೌಂಟರಿನ ಆಚೆ ಕೂತವರಿಗೂ ಹೇಳಲು ಏನಾದರೂ ಇರುತ್ತದೆ.